ಪ್ಲಾಸ್ಟಿಕ್ ಸೈನಿಕರಿಗೆ ಆಲ್ಕೋಹಾಲ್ ಸ್ನಾನ

ಈ ಪುಟ್ಟ ಪ್ಲಾಸ್ಟಿಕ್ ಸೈನಿಕನ ಮುಖ ನೋಡಿ. ಕ್ಯಾಮೆರಾ ಇನ್ನೂ ಸ್ವಲ್ಪ ಹತ್ತಿರ ತರುತ್ತೇನೆ. ಇಲ್ಲಿ ಹೆಲ್ಮೆಟ್‌ಗೆ ಕೊಕ್ಕಿನಂಥ ಚೂಪು ಮೂತಿ ಇರಬೇಕು, ಮೇಲೆ ಎರಡು ಕಣ್ಣು. ಕಾಣಿಸ್ತಿದೆಯಾ? ಇಲ್ಲ ಅಲ್ವಾ. ಯಾರೋ ಪುಣ್ಯಾತ್ಮರು ನೀರೇ ಬೆರೆಸದೆ ಗಟ್ಟಿ ನೀಲಿ ಬಳಿದಿದ್ದಾರೆ, ಆಮೇಲೆ ಮನಸ್ಸು ಬದಲಾಯಿಸಿ ಅದರ ಮೇಲೇ ಕೆಂಪು ಮೆತ್ತಿದ್ದಾರೆ. ಕಣ್ಣು ಪೂರ್ತಿ ಮುಚ್ಚಿಹೋಗಿದೆ.

ಇವರು ಸ್ಪೇಸ್ ಮರೀನ್‌ಗಳು, ಮೇಜಿನ ಮೇಲೆ ಆಡುವ ಯುದ್ಧದಾಟದ ಸೈನಿಕರು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ವಾರ್‌ಹ್ಯಾಮರ್ 40,000 ಆಟವನ್ನು 1987ರಲ್ಲಿ ತಂದಿತು, ಇವರೂ ಹೆಚ್ಚುಕಡಿಮೆ ಆ ಕಾಲದವರೇ. ಆಗ ಒಂದು ಪೆಟ್ಟಿಗೆಗೆ 30 ಜನ ಬರುತ್ತಿದ್ದರು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡರೆ ಹಳೆ ಬಣ್ಣವೂ ಜೊತೆಗೆ ಫ್ರೀ. ಇವತ್ತು ಆ ಬಣ್ಣ ತೆಗೆಯೋಣ.

ಇವುಗಳ ಪ್ಲಾಸ್ಟಿಕ್ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಇದು ಪಾಲಿಸ್ಟೈರೀನ್. ಗಣೇಶನ ಹಬ್ಬದ ಮಂಟಪಕ್ಕೆ ಕತ್ತರಿಸುತ್ತಿದ್ದೆವಲ್ಲ, ಆ ಥರ್ಮಾಕೋಲ್ ಕೂಡ ಇದೇ, ಅದರಲ್ಲಿ ಗಾಳಿ ತುಂಬಿರುತ್ತದೆ ಅಷ್ಟೇ. ಥರ್ಮಾಕೋಲ್ ಮೇಲೆ ಪೆಟ್ರೋಲ್ ಬಿದ್ದರೆ ಏನಾಗುತ್ತದೆ ಅಂತ ನೋಡಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಅಸಿಟೋನ್, ಅದು ಇರುವ ನೇಲ್ ಪಾಲಿಶ್ ರಿಮೂವರ್, ಪೇಂಟ್ ಅಂಗಡಿಯ ಥಿನ್ನರ್, ಯಾವುದೂ ಬೇಡ. ಬಣ್ಣ ಹೋಗುತ್ತದೆ ನಿಜ, ಜೊತೆಗೆ ಮುಖವೂ ಹೋಗುತ್ತದೆ.

ನಾನು ಬಳಸೋದು ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿನದು. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಮೊಬೈಲ್ ರಿಪೇರಿ ಸಾಮಾನು ಮಾರುವ ಕಡೆ ಐಪಿಎ ಅಂತ ಕೇಳಿ. ಅಕ್ರಿಲಿಕ್ ಬಣ್ಣದ ಪದರದೊಳಗೆ ಇದು ಇಳಿದು ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಪಾಲಿಸ್ಟೈರೀನ್ ತಂಟೆಗೆ ಹೋಗುವುದಿಲ್ಲ. ಆದರೆ ಇದಕ್ಕೆ ಬೆಂಕಿ ಬೇಗ ಹತ್ತುತ್ತದೆ. ನಮ್ಮೂರಿನ ಮಾಮೂಲಿ ಬಿಸಿಲಿಗೇ ಆವಿಯಾಗುತ್ತದೆ, ಆ ಆವಿಗೆ ಒಂದು ಕಿಡಿ ಸಾಕು, ಹಾಗಾಗಿ ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ. ಕಿಟಕಿ ತೆಗೆದಿಡಿ, ಗ್ಲೌಸ್ ಹಾಕಿ, ಮುಚ್ಚಳ ಗಟ್ಟಿಯಾಗಿ ಕೂರುವ ಗಾಜಿನ ಜಾಡಿ ತಗೊಳ್ಳಿ.

ಮುಳುಗಿಸಿ ಸುಮ್ನೆ ಬಿಟ್ಟುಬಿಡಿ. ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಅರ್ಧ ಗಂಟೆಗೆ ಮುಚ್ಚಳ ತೆಗೆದು ಉಜ್ಜೋಕೆ ಕೈ ತುರಿಸುತ್ತದೆ. ಆಗ ಉಜ್ಜಿದರೆ ಅರ್ಧ ನೆನೆದ ಬಣ್ಣ ಗೀರುಗಳೊಳಗೆ ಮತ್ತಷ್ಟು ತುರುಕಿಕೊಳ್ಳುತ್ತದೆ. ರಾತ್ರಿ ಹಾಕಿದರೆ ಬೆಳಿಗ್ಗೆ ನೋಡಿ. ಹೀಗೆ ಕಾಣಬೇಕು: ಭುಜದ ಅಂಚಿನಲ್ಲಿ ಬಣ್ಣ ಸುಕ್ಕುಗಟ್ಟಿ ಎದ್ದಿದೆ, ಕೆಳಗೆ ಬೂದು ಪ್ಲಾಸ್ಟಿಕ್ ಇಣುಕುತ್ತಿದೆ. ಈಗ ಮೆತ್ತನೆ ಟೂತ್‌ಬ್ರಷ್‌ನಲ್ಲಿ, ದ್ರವದಲ್ಲಿ ಅದ್ದುತ್ತಲೇ, ಸಣ್ಣ ಸಣ್ಣ ಸುತ್ತು ಹಾಕಿ. ಹೊರಗೆ ಒಣಗಿದರೆ ಬಣ್ಣ ಮತ್ತೆ ಕಚ್ಚಿಕೊಳ್ಳುತ್ತದೆ. ಸಂದಿಗಳಿಗೆ ಮರದ ಟೂತ್‌ಪಿಕ್ ಸಾಕು, ಪಿನ್ನು, ತಂತಿ ಬ್ರಷ್ಷು ಹಾಕಿದರೆ ಗೀರು ಬೀಳುತ್ತದೆ. ಸೂಪರ್ ಗ್ಲೂ ಹಾಕಿದ ಕೈಗಳು ಕಳಚಿ ಬಂದಾವು, ಗಾಬರಿ ಬೇಡ, ಆಮೇಲೆ ಅಂಟಿಸಬಹುದು. ಪ್ಲಾಸ್ಟಿಕ್ ಸಿಮೆಂಟ್ ಅನ್ನೋ ಅಂಟು ಹಾಕಿದ್ದರೆ ಬರೋದೇ ಇಲ್ಲ, ಅಲ್ಲಿ ಎರಡು ತುಂಡು ಕರಗಿ ಒಂದೇ ಆಗಿರುತ್ತವೆ.

ಇಂಗ್ಲೆಂಡಿನ ಆಟಗಾರರಲ್ಲಿ ಹಳೆಯ ಮದ್ದೊಂದಿದೆ, ಡೆಟಾಲ್. ಹೌದು, ನಮ್ಮ ಬಚ್ಚಲುಮನೆಯ ಅದೇ ಕಂದು ಡೆಟಾಲ್. ನೀರು ಸೇರಿಸದೆ ಒಂದು ದಿನ ಮುಳುಗಿಸಿಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಡವಟ್ಟಾಗೋದು ತೊಳೆಯುವಾಗ. ನೀರು ತಾಗಿದ ಕೂಡಲೇ ಡೆಟಾಲ್ ಹಾಲಿನಂತಾಗುತ್ತದಲ್ಲ, ಅದರೊಳಗಿನ ಎಣ್ಣೆಯಂಥ ಅಂಶ ನೀರಲ್ಲಿ ಕರಗದೆ ಸಣ್ಣ ಹನಿಗಳಾಗಿ ಒಡೆಯುತ್ತದೆ, ಆಗ ಬಿಟ್ಟುಬಂದಿದ್ದ ಬಣ್ಣವೂ ಅಂಟಂಟಾಗಿ ವಾಪಸ್ ಮೈಗೇ ಮೆತ್ತಿಕೊಳ್ಳುತ್ತದೆ. ಹಾಗಾಗಿ ಉಜ್ಜುವುದನ್ನೂ ಡೆಟಾಲ್‌ನಲ್ಲೇ ಮುಗಿಸಿ, ಹೊಸ ಡೆಟಾಲ್‌ನಲ್ಲಿ ಒಮ್ಮೆ ಜಾಲಾಡಿಸಿ, ಆಮೇಲಷ್ಟೇ ಸೋಪಿನ ನೀರು. ಮನೆ ತುಂಬಾ ಆಸ್ಪತ್ರೆ ವಾಸನೆ ಬರುತ್ತದೆ, ನನಗಂತೂ ಐಪಿಎನೇ ವಾಸಿ. ಬ್ರೇಕ್ ಆಯಿಲ್ ಹಾಕಿ ಅನ್ನುವವರೂ ಇದ್ದಾರೆ. ಚರ್ಮಕ್ಕೆ ಒಳ್ಳೆಯದಲ್ಲ, ತೊಳೆದು ತೆಗೆಯೋದೂ ರಗಳೆ. ಯಾಕೆ ಬೇಕು?

ಎಣ್ಣೆ ಆಧಾರಿತ ಎನಾಮೆಲ್ ಬಳಿದಿದ್ದರೆ ಐಪಿಎ ಅಷ್ಟಾಗಿ ಏಳಿಸುವುದಿಲ್ಲ. ರೆಸಿನ್ ಮೂರ್ತಿಯಾದರೆ, ಅದರಲ್ಲೂ 3ಡಿ ಪ್ರಿಂಟ್ ಆಗಿದ್ದರೆ, ಜಾಸ್ತಿ ಹೊತ್ತು ನೆನೆಸಬೇಡಿ, ಹಾಳಾಗಬಹುದು. ಅನುಮಾನ ಇದ್ದರೆ ಮುರಿದ ಕೈಯೊಂದನ್ನು ಮೊದಲು ಹಾಕಿ ನೋಡಿ.

ಇಲ್ಲಿ ನೋಡಿ, ಈಗ ಕಣ್ಣು ತೆರೆದಿದೆ. ಎದೆಯ ಸಂದಿಯಲ್ಲಿ ಇನ್ನೂ ಕೆಂಪು ಕಲೆ ಇದೆ, ಇರಲಿ ಬಿಡಿ. ಕಲೆಗೆ ದಪ್ಪ ಇಲ್ಲ, ಪ್ರೈಮರ್ ಹೊಡೆದರೆ ಮುಚ್ಚಿಹೋಗುತ್ತದೆ. ಹೊಸದರಂತೆ ಫಳಫಳ ಮಾಡ್ತೀನಿ ಅಂತ ಉಜ್ಜುತ್ತಾ ಕೂತರೆ ಬಣ್ಣದ ಜೊತೆ ಕೆತ್ತನೆಯೂ ಸವೆಯುತ್ತದೆ. ಬೆರಳು ಸವರಿದಾಗ ದಪ್ಪ ಅನ್ನಿಸುವುದನ್ನು ಮಾತ್ರ ತೆಗೆಯಿರಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ.

ಜಾಡಿಯಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ, ಅದರಲ್ಲಿ ತೇಲುತ್ತಿರೋ ಅಕ್ರಿಲಿಕ್ ಬಣ್ಣವೂ ಪ್ಲಾಸ್ಟಿಕ್ಕೇ. ಕೆಸರು ತಳಕ್ಕೆ ಕೂರಲಿ, ಮೇಲಿನದನ್ನು ಹಳೆ ಬಟ್ಟೆಯಲ್ಲಿ ಸೋಸಿ ಮತ್ತೆ ಬಳಸಬಹುದು. ಸೋಸಿದ ಮೇಲೆ ಬಾಟಲಿ ಮೇಲೆ ದೊಡ್ಡದಾಗಿ ಐಪಿಎ ಅಂತ ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ನೋಡೋಕೆ ನೀರಿನ ಹಾಗೇ ಇರುತ್ತದೆ.