ಉಪ್ಪುನೀರಿನ ಟ್ಯಾಂಕಲ್ಲಿ ಮ್ಯಾಂಗ್ರೋವ್: ನೀರಿಗಿಂತ ಮೇಲೆ ನೋಡಿ

ಎಲ್ರಿಗೂ ನಮಸ್ಕಾರ. ಮನೆಯಲ್ಲಿ ಸಮುದ್ರದ ಮೀನು, ಹವಳ ಸಾಕೋ ಉಪ್ಪುನೀರಿನ ಟ್ಯಾಂಕಲ್ಲಿ ಕಾಂಡ್ಲಾ, ಅಂದ್ರೆ ಅಳಿವೆಯ ಉಪ್ಪುನೀರಲ್ಲಿ ಬೆಳೆಯೋ ಮ್ಯಾಂಗ್ರೋವ್ ಗಿಡ ಬೆಳೆಸೋದರ ಬಗ್ಗೆ ಇವತ್ತು ಮಾತಾಡ್ತೀನಿ. ನಾವು ಟ್ಯಾಂಕ್ ಇಟ್ಟವರು ಯಾವಾಗ್ಲೂ ನೀರನ್ನೇ ನೋಡ್ತೀವಿ, ಟೆಸ್ಟ್ ಕಿಟ್ ಹಿಡ್ಕೊಂಡು ಕೂತಿರ್ತೀವಿ, ಆದ್ರೆ ಈ ಗಿಡ ಉಳಿಯುತ್ತೋ ಇಲ್ವೋ ಅನ್ನೋದು ಬಹುಪಾಲು ನೀರಿನ ಮೇಲಿರೋ ಭಾಗದಲ್ಲೇ ತೀರ್ಮಾನ ಆಗೋದು.

ಟ್ಯಾಂಕಿಗೆ ಜಾಸ್ತಿ ಜನ ತರೋದು ಕೆಂಪು ಮ್ಯಾಂಗ್ರೋವ್, ರೈಜೊಫೋರಾ ಮ್ಯಾಂಗಲ್. ಇದರ ಬೀಜ ತಾಯಿಮರದ ಮೇಲಿದ್ದಾಗ್ಲೇ ಮೊಳೆತು, ಕೋಲಿನ ಹಾಗೆ ಉದ್ದಕ್ಕೆ ಬೆಳೆದು ಆಮೇಲೆ ಕಳಚಿ ಬೀಳುತ್ತೆ. ದಪ್ಪಗಿರೋ ಕಂದು ತುದಿ ಕೆಳಗೆ, ಮೊಗ್ಗಿರೋ ತುದಿ ಮೇಲೆ ಬರೋ ಹಾಗೆ ಹಿಡಿದು, ಕೆಳಗಿನ ಒಂದೆರಡು ಇಂಚು ಮಾತ್ರ ನೀರಲ್ಲಿ ಮುಳುಗಿಸಿ ಸ್ಪಂಜಿನ ತುಂಡಲ್ಲಿ ಸಿಕ್ಕಿಸಿಟ್ರೆ ಸಾಕು, ಮರಳಲ್ಲಿ ಆಳಕ್ಕೆ ಹೂಳೋದು ಬೇಡ. ಸಿಹಿನೀರಲ್ಲಿ ಬೇರು ಬಿಡಿಸಿದ ಗಿಡ ಆಗಿದ್ರೆ ಉಪ್ಪನ್ನ ವಾರಗಟ್ಟಲೆ ಸ್ವಲ್ಪಸ್ವಲ್ಪ ಏರಿಸ್ತಾ ಟ್ಯಾಂಕಿನ ಮಟ್ಟಕ್ಕೆ ತನ್ನಿ.

ಆಮೇಲೆ ತುದಿಯನ್ನ ಹತ್ರದಿಂದ ಗಮನಿಸಿ. ಮೊಗ್ಗಿನ ಸುತ್ತ ಒಂದು ತೆಳು ಪೊರೆ ಇರುತ್ತೆ, ಅದು ಬಿರಿದು ಎರಡು ಹೊಳಪಿನ ಎಲೆ ಎದುರುಬದುರಾಗಿ ಬಿಚ್ಚಿಕೊಳ್ಳುತ್ತೆ, ಪೊರೆ ಉದುರಿದ ಜಾಗದಲ್ಲಿ ಕಾಂಡದ ಸುತ್ತ ಒಂದು ಉಂಗುರದ ಗುರುತು ಉಳಿಯುತ್ತೆ. ಆ ಉಂಗುರ ಎಣಿಸಿದ್ರೆ ಗಿಡ ಎಷ್ಟು ಜೊತೆ ಎಲೆ ಬಿಟ್ಟಿದೆ ಅಂತ ಗೊತ್ತಾಗುತ್ತೆ, ನಂಗೆ ಇದು ತುಂಬಾ ಇಷ್ಟ. ಆದ್ರೆ ಮೊದಲ ಜೊತೆ ಎಲೆ ನೋಡಿ ಗೆದ್ದೆವು ಅಂದ್ಕೋಬೇಡಿ, ಅವು ಕಾಂಡದಲ್ಲಿ ಕೂಡಿಟ್ಟ ಪಿಷ್ಟದಿಂದ ಬಂದಿರ್ತವೆ, ಆ ದಾಸ್ತಾನಲ್ಲೇ ಗಿಡ ತಿಂಗಳುಗಟ್ಟಲೆ ಹಸಿರಾಗಿ ನಿಂತಿರಬಲ್ಲದು. ಮೂರನೇ, ನಾಲ್ಕನೇ ಜೊತೆ ಒಳ್ಳೆ ಸೈಜಲ್ಲಿ ಬಂದ್ರೆ ಬೆಳಕು ಸಾಕಾಗ್ತಿದೆ ಅಂತ ಅರ್ಥ. ಗಿಡಕ್ಕೆ ಅಂತಲೇ ಬಿಳಿ ಎಲ್‌ಇಡಿ, ಸುಮಾರು 6500 ಕೆಲ್ವಿನ್ ಅಂದ್ರೆ ಹಗಲಿನ ಬೆಳಕಿನಂಥ ಬಣ್ಣದ್ದು, ನೇರ ಮೇಲೆ ಬೇಕು, ಹವಳದ ನೀಲಿ ಲೈಟಿನ ಅಂಚಲ್ಲಿ ಬಿದ್ದಷ್ಟು ಬೆಳಕು ಸಾಲಲ್ಲ. ಎಲೆ ಅಡಿಯಲ್ಲಿ ಸಣ್ಣ ಕಪ್ಪು ಚುಕ್ಕೆ ಕಂಡ್ರೆ ರೋಗ ಅಂತ ಗಾಬರಿ ಬೇಡ, ಈ ಜಾತಿಗೆ ಅದು ಸಹಜ.

ಇನ್ನು ಉಪ್ಪು. ಕೆಂಪು ಮ್ಯಾಂಗ್ರೋವ್ ಬಹುಪಾಲು ಉಪ್ಪನ್ನ ಬೇರಲ್ಲೇ ತಡೆದು ನೀರನ್ನ ಮಾತ್ರ ಎಳ್ಕೊಳ್ಳುತ್ತೆ. ಸಮುದ್ರದ ನೀರಿನ ಆಸ್ಮಾಟಿಕ್ ಒತ್ತಡ, ಅಂದ್ರೆ ಉಪ್ಪು ನೀರನ್ನ ತನ್ನ ಕಡೆ ಹಿಡಿದಿಟ್ಕೊಳ್ಳೋ ಬಲ, ಸುಮಾರು 25 ಅಟ್ಮಾಸ್ಫಿಯರ್ (ನಮ್ಮ ಸುತ್ತಲ ಗಾಳಿಯ ಒತ್ತಡದ 25 ಪಟ್ಟು), ಅದನ್ನ ಮೀರಿಸೋ ಎಳೆತ ಈ ಎಲೆಗಳಿಂದ ಬರ್ಬೇಕು, ಯೋಚ್ನೆ ಮಾಡಿ ಎಂಥ ಕೆಲಸ ಅದು! ಕಪ್ಪು ಮ್ಯಾಂಗ್ರೋವ್, ಅವಿಸೆನಿಯಾ, ಉಪ್ಪನ್ನ ಒಳಗೆ ಬಿಟ್ಕೊಂಡು ಎಲೆಯ ಗ್ರಂಥಿಗಳಿಂದ ಹೊರಗೆ ಹಾಕುತ್ತೆ, ಎಲೆ ಮೇಲೆ ಬಿಳಿ ಹರಳು ಕಾಣುತ್ತೆ. ಹೊರಗೆ ಮಳೆ ತೊಳೆಯುತ್ತೆ, ಮನೆಯೊಳಗೆ ಮಳೆ ಇಲ್ವಲ್ಲ, ಅದಕ್ಕೆ ಎರಡೂ ಜಾತಿಗೆ ದಿನಾ ಸಿಹಿನೀರು ಸ್ಪ್ರೇ ಮಾಡಿ, ಗುಳ್ಳೆ ಒಡೆದು ಹಾರೋ ಉಪ್ಪೂ ಎಲೆ ಮೇಲೆ ಕೂತಿರುತ್ತೆ. ಗಿಡ ಕುಡಿಯೋದು ನೀರು, ಉಪ್ಪು ಟ್ಯಾಂಕಲ್ಲೇ ಉಳಿಯುತ್ತೆ, ಹಾಗಾಗಿ ಕಡಿಮೆ ಆದ ಮಟ್ಟಕ್ಕೆ ಉಪ್ಪಿಲ್ಲದ, ಫಿಲ್ಟರ್ ಮಾಡಿದ ಆರ್‌ಒ ನೀರೇ ಹಾಕ್ಬೇಕು.

ಬೇರು ಉಸಿರಾಡೋದೂ ನೀರಿನ ಮೇಲಿನ ಭಾಗದಿಂದಲೇ. 1955ರಲ್ಲಿ ಶೋಲಾಂಡರ್ ಅನ್ನೋ ವಿಜ್ಞಾನಿ ಮತ್ತವರ ಜೊತೆಯವರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ನೀರಿನ ಮೇಲಿರೋ ಬೇರಿನ ಸಣ್ಣ ಉಸಿರುರಂಧ್ರಗಳಿಗೆ ಗ್ರೀಸ್ ಬಳಿದ್ರು, ಕೆಸರೊಳಗಿನ ಬೇರಿನಲ್ಲಿ ಆಕ್ಸಿಜನ್ ಇಳಿದುಹೋಯ್ತು. ಹಾಗಾಗಿ ನೀರಿನ ಮಟ್ಟ ಏರಿಸಿ, ಕಾಂಡದಿಂದ ಕಾಲಿನ ಹಾಗೆ ಇಳಿಯೋ ಕಾಲುಬೇರುಗಳನ್ನ ಪೂರ್ತಿ ಮುಳುಗಿಸ್ಬೇಡಿ.

ನೈಟ್ರೇಟ್, ಅಂದ್ರೆ ಮೀನಿನ ಹೊಲಸಿಂದ ನೀರಲ್ಲಿ ಕೂಡಿಕೊಳ್ಳೋ ಅಂಶ, ಇಳಿಸೋಕೆ ಅಂತ ಮ್ಯಾಂಗ್ರೋವ್ ತರೋರಿಗೆ ನೇರವಾಗಿ ಹೇಳ್ತೀನಿ, ಅದಕ್ಕೆ ಕೀಟೊಮಾರ್ಫಾ ಪಾಚಿ ಎಷ್ಟೋ ಮೇಲು, ಬೇಗ ಬೆಳೆಯುತ್ತೆ, ಹಿಡಿಯಷ್ಟು ಕಿತ್ತು ಬಿಸಾಕಬಹುದು. ಮ್ಯಾಂಗ್ರೋವ್ ನಿಧಾನ, ಉದುರಿದ ಎಲೆ ನೀರಲ್ಲೇ ಕೊಳೆತ್ರೆ ತಗೊಂಡಿದ್ದೆಲ್ಲ ವಾಪಸ್. ಅದನ್ನ ಮರ ಅಂತಲೇ ಸಾಕಿ.

ಕತ್ತರಿ ಹಾಕೋವಾಗ ಎಲೆ ಇರೋ ಎಳೆ ಭಾಗದಲ್ಲೇ ಹಾಕಿ, ರೈಜೊಫೋರಾ ಬೋಳು ಹಳೇ ಕಾಂಡದಿಂದ ಮತ್ತೆ ಚಿಗುರಲ್ಲ. ಟ್ಯಾಂಕ್ ಮೀರಿ ಬೆಳೆದ್ರೆ ಇನ್ನೊಬ್ಬ ಟ್ಯಾಂಕಿನವರಿಗೆ ಕೊಡಿ, ಪಕ್ಕದ ಅಳಿವೆಗೆ ಮಾತ್ರ ಬಿಡಬೇಡಿ. ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ 1902ರಲ್ಲಿ ಮಣ್ಣು ಹಿಡಿಯಲಿ ಅಂತ ಇದೇ ಕೆಂಪು ಮ್ಯಾಂಗ್ರೋವ್ ನೆಟ್ರು, ಅಲ್ಲಿ ಮೊದಲು ಯಾವ ಮ್ಯಾಂಗ್ರೋವೂ ಇರ್ಲಿಲ್ಲ, ಈಗ ಬೇರೆ ದ್ವೀಪಗಳಿಗೂ ಹರಡಿದ ಅದನ್ನ ಕಿತ್ತು ತೆಗೆಯೋ ಕೆಲಸ ನಡೀತಿದೆ.