ಮಿಕ್ಸಿಯ ಅಡಿಯಲ್ಲಿರುವ ಕೆಂಪು ಬಟನ್

ಎಲ್ಲರಿಗೂ ನಮಸ್ಕಾರ. ಪಿಪಿಟಿ ತಂದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅದರ ಬದಲು ಮನೆಯಿಂದ ಅಮ್ಮನ ಮಿಕ್ಸಿ ತಂದಿದ್ದೇನೆ. ಬಸ್ಸಿನಲ್ಲಿ ಪಕ್ಕದವರು 'ರಿಪೇರಿಗಾ?' ಅಂತ ಕೇಳಿದರು. ಹೂಂ ಅಂದುಬಿಟ್ಟೆ.

ನನಗೆ ಕೊಟ್ಟ ವಿಷಯ, ಮನೆಬಳಕೆಯ ಯಂತ್ರಗಳಲ್ಲಿ ಡಿಸೈನ್ ಮತ್ತು ಪ್ರೀಮಿಯಂ ಬ್ರ್ಯಾಂಡಿಂಗ್. ಬಿಡಿಸಿ ಹೇಳಿದರೆ ಇಷ್ಟೇ: ಒಂದೇ ಕೆಲಸ ಮಾಡುವ ಎರಡು ಯಂತ್ರ ಇವೆ, ಒಂದರ ಬೆಲೆ ಇನ್ನೊಂದರ ಮೂರರಷ್ಟು. ಜನ ಯಾಕೆ ಅಷ್ಟು ಕೊಡುತ್ತಾರೆ?

ನಮ್ಮಲ್ಲಿ ಇದಕ್ಕೊಂದು ಸುಲಭದ ಉತ್ತರ ಇದೆ. ಫ್ರಿಜ್ ಬಾಗಿಲ ಮೇಲೆ ದೊಡ್ಡ ಹೂವು. ಫ್ಯಾನಿನ ರೆಕ್ಕೆಗೆ ಚಿನ್ನದ ಬಣ್ಣದ ಪಟ್ಟಿ. ನಾನೂ ಹಿಂದೆ ಒಂದು ಕಂಪನಿಯಲ್ಲಿ ಕೂತು ಇಂಥ ಹೂವು ಆರಿಸಿದ್ದೇನೆ. ಹಾಗಾಗಿ ನಗುವ ಹಕ್ಕು ನನಗಿದೆ.

ಈಗ ಈ ಮಿಕ್ಸಿ ನೋಡಿ. ಬೆಳಿಗ್ಗೆ ದೋಸೆ ಕಾವಲಿ ಮೇಲಿದೆ. ಚಟ್ನಿ ಅರ್ಧ ರುಬ್ಬಿದೆ. ತೆಂಗಿನಕಾಯಿ ಸ್ವಲ್ಪ ಜಾಸ್ತಿ ಆಯಿತು, ನೀರು ಕಮ್ಮಿ ಆಯಿತು. ಮಿಕ್ಸಿ ಗುರ್ ಅಂತ ನಿಂತುಹೋಯಿತು. ಏನು ಮಾಡುತ್ತೀರಿ? ಜಾರ್ ತೆಗೆದು ಪಕ್ಕಕ್ಕಿಡಬೇಕು. ಮಿಕ್ಸಿಯನ್ನು ಮಗುಚಬೇಕು. ಅಡಿಯಲ್ಲಿ ಧೂಳು, ಹಳೇ ಸಾಂಬಾರಿನ ಕಲೆ, ಅದರ ನಡುವೆ ಒಂದು ಪುಟ್ಟ ಕೆಂಪು ಬಟನ್. ಹೊರೆ ಜಾಸ್ತಿಯಾದಾಗ ಮೋಟಾರ್ ಸುಡದ ಹಾಗೆ ಕರೆಂಟ್ ಕಡಿಯುವುದು ಇದೇ. ಅದನ್ನು ಒತ್ತಿದರೆ ಮತ್ತೆ ಜೀವ ಬರುತ್ತದೆ. ಅಷ್ಟರಲ್ಲಿ ದೋಸೆ ಸೀದಿರುತ್ತದೆ. ಇದು ಗೊತ್ತಿಲ್ಲದೆ 'ಮೋಟಾರ್ ಸುಟ್ಟುಹೋಯ್ತು' ಅಂತ ಅಂಗಡಿಗೆ ಹೊತ್ತುಕೊಂಡು ಹೋದವರು ಎಷ್ಟೋ ಜನ. ಈ ಬಟನ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಇಂಗ್ಲೆಂಡಿಗೆ ಹೋಗೋಣ. 1970ರ ದಶಕದ ಕೊನೆ. ಜೇಮ್ಸ್ ಡೈಸನ್ ಎಂಬ ಡಿಸೈನರ್ ಮನೆ ಗುಡಿಸುತ್ತಿದ್ದಾರೆ. ವ್ಯಾಕ್ಯೂಮ್ ಕ್ಲೀನರ್ ಸರಿಯಾಗಿ ಎಳೆಯುತ್ತಿಲ್ಲ. ಆಗ ಅದರೊಳಗೆ ಒಂದು ಚೀಲ ಇರುತ್ತಿತ್ತು. ಗಾಳಿ ಚೀಲದ ಸಣ್ಣ ಸಣ್ಣ ರಂಧ್ರಗಳ ಮೂಲಕ ಆಚೆ ಹೋಗಬೇಕು, ಧೂಳು ಒಳಗೆ ಉಳಿಯಬೇಕು. ಆದರೆ ಚೀಲ ತುಂಬುವ ಎಷ್ಟೋ ಮುಂಚೆಯೇ ರಂಧ್ರಗಳು ಮುಚ್ಚಿಕೊಂಡುಬಿಡುತ್ತಿದ್ದವು. ಎಲ್ಲರ ಮನೆಯಲ್ಲೂ ಹೀಗೇ. ಹೊಸ ಚೀಲ ಕೊಂಡು ಹಾಕುತ್ತಿದ್ದರು. ಚೀಲ ಮಾರುವವರಿಗೂ ಅದೇ ಬೇಕಿತ್ತು.

ಮರದ ಮಿಲ್ಲಿನಲ್ಲಿ ಹೊಟ್ಟನ್ನು ಗಾಳಿಯಿಂದ ಬೇರ್ಪಡಿಸುವ ದೊಡ್ಡ ತಗಡಿನ ಸೈಕ್ಲೋನ್ ಅನ್ನು ಡೈಸನ್ ನೋಡಿದ್ದರು. ನೀವೂ ನೋಡಿದ್ದೀರಿ. ನಮ್ಮ ರೈಸ್ ಮಿಲ್ಲುಗಳ ಮೇಲೆ ತಗಡಿನ ಭಾರಿ ಆಲಿಕೆ ತರಹದ್ದು ನಿಂತಿರುತ್ತದಲ್ಲ, ಅದೇ. ಗಾಳಿ ಅದರೊಳಗೆ ಸುತ್ತುತ್ತದೆ. ಧೂಳು ಗೋಡೆಗೆ ಬಡಿದು ಕೆಳಗೆ ಬೀಳುತ್ತದೆ, ಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ. ಚೀಲವೇ ಬೇಡ. ಅಂದರೆ ಹೊಸದೇನೂ ಕಂಡುಹಿಡಿಯಬೇಕಾಗಿರಲಿಲ್ಲ. ಮಿಲ್ಲಿನ ಚಾವಣಿ ಮೇಲಿದ್ದನ್ನು ಮನೆಯೊಳಗೆ ಹಿಡಿಸುವಷ್ಟು ಚಿಕ್ಕದು ಮಾಡಬೇಕಿತ್ತು. ಮೊದಲನೆಯದನ್ನು ರಟ್ಟು, ಟೇಪಿನಲ್ಲಿ ಮಾಡಿದರು. ಸರಿಹೋಗಲು ಐದು ವರ್ಷ, 5,127 ಮಾದರಿಗಳು ಬೇಕಾದವು. ಆ ದಿನಗಳಲ್ಲಿ ಮನೆ ನಡೆದದ್ದು ಚಿತ್ರಕಲೆ ಟೀಚರ್ ಆಗಿದ್ದ ಹೆಂಡತಿಯ ಸಂಬಳದಲ್ಲಿ. ಡೈಸನ್ ಕಥೆ ಹೇಳುವವರು 5,127 ಅನ್ನು ಮರೆಯುವುದಿಲ್ಲ, ಆ ಸಂಬಳವನ್ನು ಮರೆಯುತ್ತಾರೆ.

ದೊಡ್ಡ ಕಂಪನಿಗಳು ಬೇಡ ಅಂದವು. ಕೊನೆಗೆ ತೆಗೆದುಕೊಂಡದ್ದು ಜಪಾನಿನ ಒಂದು ಕಂಪನಿ. 1986ರಲ್ಲಿ ಜಿ-ಫೋರ್ಸ್ ಅಂತ ಗುಲಾಬಿ ಬಣ್ಣದ ಯಂತ್ರ ಅಲ್ಲಿ ಬಂತು. ಬೆಲೆ ಸುಮಾರು 2,000 ಡಾಲರ್! ಅದರಿಂದ ಬಂದ ರಾಯಧನದ ಆಸರೆಯಲ್ಲೇ 1993ರಲ್ಲಿ ಡೈಸನ್ ತಮ್ಮದೇ ಹೆಸರಿನಲ್ಲಿ ಡಿಸಿ01 ಎಂಬ ವ್ಯಾಕ್ಯೂಮ್ ಕ್ಲೀನರ್ ತಂದರು.

ನನಗೆ ತುಂಬಾ ಇಷ್ಟವಾಗುವುದು ಇಲ್ಲಿಂದ ಮುಂದಿನದು. ಕಸ ಬೀಳುವ ಡಬ್ಬವನ್ನು ಡೈಸನ್ ಪಾರದರ್ಶಕ ಮಾಡಿದರು. ಅಂಗಡಿಯವರು ಹೌಹಾರಿದರು. ಮನೆಯ ಕೊಳೆಯನ್ನು ಯಾರು ನೋಡುತ್ತಾರೆ, ಮುಚ್ಚಿ ಅಂದರು. ಡೈಸನ್ ಮುಚ್ಚಲಿಲ್ಲ. ನೋಡಿ, ಸೈಕ್ಲೋನ್ ಎಷ್ಟು ಚೆನ್ನಾಗಿ ತಿರುಗಿದರೂ ಕೊಳ್ಳುವವರಿಗೆ ಅದು ಕಾಣುವುದಿಲ್ಲ. ಕಾರ್ಪೆಟ್ ನೋಡಿದರೆ ಮೊದಲೂ ಸ್ವಚ್ಛ, ಆಮೇಲೂ ಸ್ವಚ್ಛ. ಆದರೆ ಡಬ್ಬದಲ್ಲಿ ಕೂದಲು, ಧೂಳು ಗಿರಗಿರ ಸುತ್ತುವುದು ಕಂಡಾಗ, 'ಅಯ್ಯೋ, ಇಷ್ಟೊಂದಿತ್ತಾ!' ಅನ್ನಿಸುತ್ತದೆ. ಕೊಟ್ಟ ದುಡ್ಡು ಕಣ್ಣಿಗೆ ಕಾಣುತ್ತದೆ. 18 ತಿಂಗಳಲ್ಲಿ ಅದು ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ವ್ಯಾಕ್ಯೂಮ್ ಕ್ಲೀನರ್ ಆಯಿತು.

ಹಾಗಂತ ಅವರು ಮುಟ್ಟಿದ್ದೆಲ್ಲ ಚಿನ್ನ ಆಗಲಿಲ್ಲ. 2000ದಲ್ಲಿ ಎರಡು ಡ್ರಮ್ ವಿರುದ್ಧ ದಿಕ್ಕಿಗೆ ತಿರುಗುವ ವಾಷಿಂಗ್ ಮೆಷಿನ್ ತಂದರು. ಮಾಡುವ ಖರ್ಚೇ ಜಾಸ್ತಿಯಾಗಿ 2005ಕ್ಕೆ ಕೈಬಿಟ್ಟರು.

ಜಪಾನಿನ ಬಾಲ್ಮುಡಾ ಕಂಪನಿಯದು ಇನ್ನೊಂದು ಬಗೆ. ಅದನ್ನು ಕಟ್ಟಿದ ಗೆನ್ ತೆರಾವೊ ಮೊದಲು ರಾಕ್ ಸಂಗೀತಗಾರ. ಒಮ್ಮೆ ಜೋರು ಮಳೆಯಲ್ಲಿ, ಬಯಲಲ್ಲಿ ಕೆಂಡದ ಮೇಲೆ ಸುಟ್ಟ ಬ್ರೆಡ್ ಹೊರಗೆ ಗರಿಗರಿ, ಒಳಗೆ ಮೆತ್ತಗೆ ಬಂತಂತೆ. ಆಮೇಲೆ ಮತ್ತೆ ಮಾಡಿ ನೋಡಿದರೆ ಹಾಗೆ ಬರಲಿಲ್ಲ. ಗುಟ್ಟು ಕೆಂಡದ್ದಲ್ಲ, ಮಳೆ ನೀರಿನದು. 2015ರಲ್ಲಿ ಟೋಸ್ಟರ್ ತಂದರು. ಅದರ ಜೊತೆ ಬೆರಳುದ್ದದ ಒಂದು ಪುಟ್ಟ ಲೋಟ. ಅದರಲ್ಲಿ 5 ಮಿಲಿ, ಅಂದರೆ ಒಂದು ಟೀ ಚಮಚ ನೀರು ಹಿಡಿದು ಟೋಸ್ಟರಿನ ಮೇಲಿನ ತೂತಿಗೆ ಹುಯ್ಯಬೇಕು. ಆವಿ ಬ್ರೆಡ್ಡಿನ ಮೇಲೆ ತೆಳ್ಳಗೆ ಕೂರುತ್ತದೆ. ಹೊರಗಿನ ಪದರ ಬೇಗ ಬೇಯುತ್ತದೆ, ಒಳಗಿನ ತೇವ ಒಳಗೇ ಉಳಿಯುತ್ತದೆ. ಕೆಲವೇ ಸಾವಿರ ಯೆನ್‌ಗೆ ಟೋಸ್ಟರ್ ಸಿಗುವ ಊರಿನಲ್ಲಿ ಇದಕ್ಕೆ 20,000 ಯೆನ್ ಮೇಲೆ. ಜನ ಕೊಂಡರು. ಯಂತ್ರ ಅಂದರೆ ಕೆಲಸ ಕಮ್ಮಿ ಮಾಡಬೇಕು ಅಲ್ವಾ? ಇಲ್ಲಿ ಒಂದು ಕೆಲಸ ಜಾಸ್ತಿಯಾಯಿತು. ಆದರೆ ಆ ಒಂದು ಚಮಚ ನೀರು ಹುಯ್ಯುವಾಗಲೇ ಇದು ಬೇರೆ ಟೋಸ್ಟರ್ ಅಂತ ಕೈಗೆ ಗೊತ್ತಾಗುತ್ತದೆ.

ಇದೇ ಕಂಪನಿ 2021ರಲ್ಲಿ ಒಂದು ಲಕ್ಷ ಯೆನ್ ದಾಟಿದ ಸ್ಮಾರ್ಟ್‌ಫೋನ್ ತಂದಿತು. ಅಂಚೆಲ್ಲ ದುಂಡಗೆ, ಮುದ್ದಾಗಿತ್ತು. 2023ರಲ್ಲಿ ಆ ವ್ಯಾಪಾರ ಮುಚ್ಚಿದರು. ಅದರಲ್ಲಿ ಮಳೆನೀರಿನಂಥದ್ದು ಏನೂ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಮಿಕ್ಸಿಯ ಹುಟ್ಟೂ ಒಂದು ಡಿಸೈನ್ ಕಥೆಯೇ. ಸತ್ಯಪ್ರಕಾಶ್ ಮಾಥುರ್ ಎಂಬ ಎಂಜಿನಿಯರ್ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸರ್ ಇತ್ತು. ಅಂದಕ್ಕೆ ಜಗತ್ತಿಗೇ ಹೆಸರಾದ ಕಂಪನಿ. ಆದರೆ ಅದು ನಮ್ಮ ಮಸಾಲೆ, ನೆನೆಸಿದ ಬೇಳೆಯ ಅಡುಗೆಮನೆಗೆ ಮಾಡಿದ್ದಲ್ಲ. ಮೋಟಾರ್ ಸುಟ್ಟಿತು. ಹೆಂಡತಿಗೆ ನಾನೇ ಒಂದು ಮಾಡಿಕೊಡುತ್ತೇನೆ ಅಂತ ಹೊರಟು, 1963ರಲ್ಲಿ ಕಂಪನಿಯನ್ನೇ ಶುರು ಮಾಡಿದರು. ಆ ಕಂಪನಿಯ ಮಿಕ್ಸಿಯೇ ಸುಮೀತ್. ನಮ್ಮ ಅಜ್ಜಿಯರ ಕೈಯಿಂದ ಒರಳುಕಲ್ಲು ಬಿಡಿಸಿದ ಯಂತ್ರ ಅದು.

ಈಗ ಕೆಂಪು ಬಟನ್. ಅದು ಅಡಿಯಲ್ಲಿರಲು ಕಾರಣ ಇದೆ. ಮೇಲಿಟ್ಟರೆ ನೀರು ಇಳಿಯುತ್ತದೆ. ಆದರೆ ಮುಂಭಾಗದಲ್ಲಿ ರಬ್ಬರ್ ಮುಚ್ಚಳ ಹಾಕಿ ಇಡಬಹುದಲ್ಲ ಅಂತ ನಾನು ಹೂವು ಆರಿಸುತ್ತಿದ್ದ ಆ ಕಂಪನಿಯಲ್ಲಿ ಹೇಳಿದೆ. ಮಾರಾಟದವರು ಒಪ್ಪಲಿಲ್ಲ. 'ಅಂಗಡೀಲಿ ಗಿರಾಕಿ ಇದೇನು ಅಂತ ಕೇಳ್ತಾರೆ. ಮಿಕ್ಸಿ ನಿಂತರೆ ಒತ್ತೋಕೆ ಅಂದ್ರೆ, ಓ, ಇದು ಪದೇ ಪದೇ ನಿಲ್ಲುತ್ತೆ ಅಂದ್ಕೋತಾರೆ' ಅಂದರು. ಮರುಮಾತಾಡಲು ನನ್ನ ಹತ್ತಿರ 5,127 ಮಾದರಿ ಇರಲಿಲ್ಲ. ಒಂದೂ ಇರಲಿಲ್ಲ, ಸುಮ್ನೆ ಒಂದು ಸ್ಕೆಚ್ ಇತ್ತು. ಬಟನ್ ಅಡಿಯಲ್ಲೇ ಉಳಿಯಿತು. ಆ ವರ್ಷ ಹೂವು ಬದಲಾಯಿತು.

ಇಲ್ಲಿ ಪಕ್ಕದಲ್ಲಿ ಒಂದು ಚುಕ್ಕಿ ಕಾಣುತ್ತಿದೆಯಲ್ಲ? ನೇಲ್ ಪಾಲಿಶ್. ಅಮ್ಮ ಇಟ್ಟದ್ದು. ಚುಕ್ಕಿಯ ನೇರಕ್ಕೆ ಕೆಳಗೆ ಬೆರಳು ಹಾಕಿದರೆ ಬಟನ್ ಸಿಗುತ್ತದೆ, ಮಗುಚಬೇಕಾಗಿಲ್ಲ. ಪ್ರಶ್ನೆ ಕೇಳುವ ಮುಂಚೆ ಒಬ್ಬರು ಬಂದು ಮಾಡಿ ನೋಡಿ. ಜಾರ್ ಮಾತ್ರ ತೆಗೆಯಬೇಡಿ.