ಎಣ್ಣೆ ಡಬ್ಬಿ ಕೆಳಗಿಡಿ

ನಮಸ್ಕಾರ. ಹಳೆಯ ಫಿಲ್ಮ್ ಕ್ಯಾಮೆರಾದ ಶಟರ್ ಅಲುಗಾಡುತ್ತಿಲ್ಲ ಎಂದ ಕೂಡಲೇ ಹೊಲಿಗೆ ಯಂತ್ರದ ಎಣ್ಣೆ ಹುಡುಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಲೆನ್ಸಿನ ನಡುವೆ ಇರುವ ಲೀಫ್ ಶಟರ್‌ನ ತೆಳು ತಗಡುಗಳು ಒಣಗಿಯೇ ಇರಬೇಕು. ಎಣ್ಣೆ ತಾಗಿತೋ, ಒಂದಕ್ಕೊಂದು ಅಂಟಿ ಕೂತುಬಿಡುತ್ತವೆ. ಎಷ್ಟೋ ಸಲ ಶಟರ್ ಕೆಟ್ಟಿರುವುದೇ ಇಲ್ಲ. ಯಾವುದೋ ಕಾಲದ ಜಿಡ್ಡು ಅಲ್ಲಿಗೆ ಹರಿದು ಬಂದಿರುತ್ತದೆ, ಅಷ್ಟೆ. ಹತ್ತಿಕಡ್ಡಿಯ ತುದಿಗೆ ಲೈಟರ್ ಪೆಟ್ರೋಲ್ ಸೋಕಿಸಿ ಒರೆಸಿ, ಆರಲು ಬಿಡಿ, ಮತ್ತೆ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಜರ್ಮನಿಯ ಅಗ್ಫಾ ಐಸೊಲೆಟ್ ಎಂಬ ಮಡಚುವ ಕ್ಯಾಮೆರಾವನ್ನೇ ನೋಡಿ. ಅದರ ಫೋಕಸ್ ಉಂಗುರಕ್ಕೆ ಕಾರ್ಖಾನೆಯಲ್ಲಿ ಹಚ್ಚಿದ್ದ ಗ್ರೀಸ್ ಈಗ ಹಸಿರು ಅರಗಾಗಿರುತ್ತದೆ. ಇಕ್ಕಳ ಹಾಕಿ ತಿರುಗಿಸಿದರೆ ಮುಂದಿನ ಗಾಜಿನ ಜೊತೆಗೆ ಅದರ ಹಿಂದಿನದೂ ಬಿಚ್ಚಿಕೊಂಡು ಬರುತ್ತದೆ. ಫೋಕಸ್ ಲೆಕ್ಕವೆಲ್ಲ ತಪ್ಪುತ್ತದೆ. ಹದವಾಗಿ ಬಿಸಿ ಮಾಡಿ, ದ್ರಾವಕ ಬಿಟ್ಟು, ಒಂದು ರಾತ್ರಿ ಕಾಯಬೇಕು. ಆಮೇಲೆ ಕತ್ತಲೆ ಕೋಣೆಯಲ್ಲಿ ಬೆಲ್ಲೋಸ್ ಒಳಗೆ, ಅಂದರೆ ಲೆನ್ಸಿಗೂ ಕ್ಯಾಮೆರಾ ಮೈಗೂ ನಡುವಿನ ಮಡಿಕೆ ಚೀಲದೊಳಗೆ, ಟಾರ್ಚ್ ಹಾಕಿ ನೋಡಿ. ಮಡಿಕೆಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಫಿಲ್ಮ್ ಹಾಳು. ಇಷ್ಟನ್ನೂ ಬಿಟ್ಟು ಹೊರಗಿನ ಲೋಹವನ್ನು ಫಳಫಳ ಹೊಳೆಯಿಸಿ 'ರಿಸ್ಟೋರ್ ಮಾಡಿದ್ದೇನೆ' ಎನ್ನುವುದನ್ನು ನಾನು ಒಪ್ಪುವುದಿಲ್ಲ. ಚಿತ್ರ ತೆಗೆಯದ ಕ್ಯಾಮೆರಾ ರಿಪೇರಿಯಾಗಿಲ್ಲ ಎಂದೇ ಅರ್ಥ.

ಹೊಸಬರು ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3ರಿಂದ ಶುರು ಮಾಡಲಿ. ಪ್ಲಾಸ್ಟಿಕ್ ಮೈ, ಸರಳ ಲೆನ್ಸು, 120 ಎಂಬ ಅಗಲದ ರೋಲ್ ಫಿಲ್ಮಿನಲ್ಲಿ 12 ಚಿತ್ರ. ಒಳಗೆ ಕೆಡುವಂಥದ್ದು ಹೆಚ್ಚೇನಿಲ್ಲ. 1966ರ ಯಾಶಿಕಾ ಎಲೆಕ್ಟ್ರೋ 35 ನೋಡಲು ಚೆಂದ, ಆದರೆ ಅದರ ಶಟರ್ ಎಲೆಕ್ಟ್ರಾನಿಕ್; ಮೊದಲ ಪಾಠಕ್ಕೆ ಬೇಡ. ಅಂದ ಹಾಗೆ, ಜಪಾನಿನ ಕ್ಯಾಮೆರಾಗಳಿಗೆ ಜೆಐಎಸ್ (ಜಪಾನಿ ಮಾನದಂಡದ, ಪ್ಲಸ್ ತುದಿಯ) ಸ್ಕ್ರೂಡ್ರೈವರ್ ಕೊಳ್ಳಿ. ಮಾಮೂಲಿ ಫಿಲಿಪ್ಸ್ ಹಾಕಿದರೆ ಸ್ಕ್ರೂ ತಲೆ ಸವೆಯುತ್ತದೆ.

ಇನ್ನು ಮಲೆನಾಡು, ಕರಾವಳಿಯವರ ಪಾಡು ಬೇರೆಯೇ. ಚರ್ಮದ ಕವಚದಲ್ಲಿ ಭದ್ರವಾಗಿಟ್ಟಿದ್ದೇವೆ ಎನ್ನುತ್ತಾರೆ. ಆ ಚರ್ಮವೇ ಮಳೆಗಾಲದ ತೇವ ಹೀರಿ ಲೆನ್ಸಿಗೆ ಬೂಷ್ಟು ಹತ್ತಿಸುತ್ತದೆ. ಕವಚ ಬೇರೆ ಇಡಿ; ಕ್ಯಾಮೆರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬೂಷ್ಟು ಆಗಲೇ ಗಾಜನ್ನು ಕೊರೆದಿದ್ದರೆ ಉಜ್ಜಲು ಹೋಗಬೇಡಿ, ಇರುವ ಕೋಟಿಂಗೂ ಹೋಗುತ್ತದೆ. ಸೂರ್ಯನಿಗೆ ಬೆನ್ನು ಹಾಕಿ ನಿಂತು ಒಂದು ರೋಲ್ ತೆಗೆಯಿರಿ; ಸಣ್ಣ ಕಲೆಗಳಾದರೆ ಚಿತ್ರದಲ್ಲಿ ಅವುಗಳ ಸುಳಿವೂ ಸಿಗುವುದಿಲ್ಲ.